ಸುವಾರ್ತೆ ಸಾರುವುದು ಅಯ್ಯನವರೊಬ್ಬರ ಕೆಲಸವೇ?

ಪ್ರಶ್ನೆ: ನಮ್ಮ ಸಭೆಯಲ್ಲಿ ಭಾನುವಾರದ ಆರಾಧನೆಗೆ ಜನ ತುಂಬಿರುತ್ತಾರೆ, ಕಾಣಿಕೆಯೂ ಚೆನ್ನಾಗಿಯೇ ಬರುತ್ತದೆ. ಸುವಾರ್ತೆಯ ಮಾತೆತ್ತಿದರೆ ಮಾತ್ರ ‘ಅದಕ್ಕೆ ಅಯ್ಯನವರಿದ್ದಾರಲ್ಲ’ ಎನ್ನುತ್ತಾರೆ. ಇವರಲ್ಲಿ ಆಸಕ್ತಿ ಹುಟ್ಟಿಸುವುದು ಹೇಗೆ?
— ಸಭಾ ಸಮಿತಿಯ ಸದಸ್ಯರೊಬ್ಬರು

ಉತ್ತರ: ಇದೇ ಪ್ರಶ್ನೆಯನ್ನು ನೂರು ವರ್ಷಗಳ ಹಿಂದೆ ಬಿಷಪ್ ವಿ.ಎಸ್. ಅಜರಯ್ಯನವರು ಎದುರಿಸಿದ್ದರು. ತಿರುನೆಲ್ವೇಲಿ ಸೀಮೆಯ ಈ ತಮಿಳರು, ಭಾರತೀಯರದೇ ಹಣ, ಭಾರತೀಯರದೇ ದುಡಿಮೆಯಿಂದ ನಡೆಯಬೇಕೆಂದು 1903ರಲ್ಲಿ ಹುಟ್ಟಿದ ಮಿಷನರಿ ಸಂಘದ ಸ್ಥಾಪಕರಲ್ಲೊಬ್ಬರು. ಅದೇ ಸಂಘದ ಸೇವಕರಾಗಿ ಇಂದಿನ ತೆಲಂಗಾಣದ ಡೋರ್ನಕಲ್‌ಗೆ ಬಂದು ತೆಲುಗು ಕಲಿತರು. 1912ರಲ್ಲಿ ಅಲ್ಲಿನ ಬಿಷಪ್ ಆದರು. ಆಂಗ್ಲಿಕನ್ ಸಭೆಗೆ ಮೊದಲ ಭಾರತೀಯ ಬಿಷಪ್ ಅವರೇ.

ಅವರ ಸಭಿಕರಲ್ಲಿ ಹೆಚ್ಚಿನವರು ಮಾಲ, ಮಾದಿಗ ಸಮುದಾಯದ ಕೂಲಿಕಾರರು, ಓದು ಬಾರದವರು. ಇವರಿಂದ ಏನಾದೀತು ಎಂದು ಅಜರಯ್ಯ ಕೈಬಿಡಲಿಲ್ಲ. ದೀಕ್ಷಾಸ್ನಾನ ಹೊಂದಿದವರು ತಮ್ಮ ಕೈಯನ್ನು ತಲೆಯ ಮೇಲಿಟ್ಟುಕೊಂಡು, ತಾವು ದೀಕ್ಷಾಸ್ನಾನ ಪಡೆದವರೆಂದೂ ಸುವಾರ್ತೆ ಸಾರದೆ ಹೋದರೆ ತಮ್ಮ ಗತಿ ಏನೆಂದೂ ಹೇಳುವ ಪದ್ಧತಿ ತಂದರು. ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ 9ನೇ ಅಧ್ಯಾಯದಲ್ಲಿ ಪೌಲನು ಆಡಿದ ಮಾತು ಹೀಗೆ ಹಳ್ಳಿಯ ಕೂಲಿಯಾಳಿನ ಬಾಯಿಗೂ ಬಂತು. ವರ್ಷಕ್ಕೊಮ್ಮೆ ಸಾಕ್ಷಿಯ ವಾರ ನಡೆಯುತ್ತಿತ್ತು. ಸಾಮಾನ್ಯ ವಿಶ್ವಾಸಿಗಳೇ ಗುಂಪುಗೂಡಿ, ಹಾಡುತ್ತ ಅಕ್ಕಪಕ್ಕದ ಊರುಗಳಿಗೆ ಹೋಗುತ್ತಿದ್ದರು. ಅಜರಯ್ಯನವರ ಕಾಲದಲ್ಲೇ ಆ ಡಯಾಸಿಸ್‌ನ ಕ್ರೈಸ್ತರ ಸಂಖ್ಯೆ ಲಕ್ಷ ದಾಟಿತು. ಕುಡಿತ ಬಿಟ್ಟು, ಮಕ್ಕಳನ್ನು ಓದಿಸುತ್ತ ಬದಲಾದ ಈ ಕುಟುಂಬಗಳನ್ನು ಕಣ್ಣಾರೆ ಕಂಡು ಮೇಲ್ಜಾತಿಯವರು ಕೂಡ ಸಭೆಯತ್ತ ಬಂದರು. ಅವರನ್ನು ಸೆಳೆದದ್ದು ಪ್ರಸಂಗಕ್ಕಿಂತ ಹೆಚ್ಚಾಗಿ ಆ ಬದುಕು.

ನಿಮ್ಮ ಸಭೆಯಲ್ಲೂ ಇದು ಸಾಧ್ಯ. ವೇದಿಕೆಯಿಂದ ಗದರಿಸಿದರೆ ಜನ ಅಪರಾಧಭಾವದಿಂದ ತಲೆ ತಗ್ಗಿಸಿಯಾರು, ಬಾಯಿ ಬಿಡಲಾರರು. ಕೆಲಸವನ್ನು ಅವರ ಕೈಗೇ ಒಪ್ಪಿಸಿ. ಯೋಹಾನನ ಸುವಾರ್ತೆಯ 4ನೇ ಅಧ್ಯಾಯದ ಸಮಾರ್ಯದ ಹೆಂಗಸು ಯಾವ ತರಬೇತಿಯನ್ನೂ ಪಡೆದವಳಲ್ಲ. ತನಗಾದದ್ದನ್ನು ಊರವರಿಗೆ ಹೇಳಿದಳು, ಬಂದು ನೋಡಿರೆಂದು ಕರೆದಳು. ಆದ್ದರಿಂದ ಆರಾಧನೆಯಲ್ಲಿ ಐದು ನಿಮಿಷ ಒಬ್ಬ ಸಭಿಕರ ಸಾಕ್ಷಿಗೆ ಮೀಸಲಿಡಿ. ಈ ವಾರ ಗೃಹಿಣಿ, ಮುಂದಿನ ವಾರ ಆಟೋ ಚಾಲಕ, ಆಮೇಲೆ ಕಾಲೇಜು ಹುಡುಗಿ ಮಾತಾಡಲಿ. ಸಭೆಯವರೆದುರು ಹೇಳಿ ರೂಢಿಯಾದ ಮಾತು ನೆರೆಮನೆಯವರೆದುರೂ ಸಲೀಸಾಗಿ ಬರುತ್ತದೆ. ಪ್ರತಿಯೊಬ್ಬರೂ ಮೂರು ನಾಲ್ಕು ಪರಿಚಿತರ ಹೆಸರು ಬರೆದುಕೊಂಡು ದಿನವೂ ಪ್ರಾರ್ಥಿಸಲಿ. ಅವರ ಕಷ್ಟಸುಖಕ್ಕೆ ಆಗಲಿ. ಹೊಸಬರು ಬಂದರೆ ಜಾತಿ, ಅಂತಸ್ತು ನೋಡದೆ ಪಕ್ಕದಲ್ಲಿ ಕೂರಿಸಿಕೊಳ್ಳುವ ಮನಸ್ಸು ಸಭೆಗಿರಲಿ. ಅದಿಲ್ಲದೆ ಯಾರನ್ನು ಕರೆದು ಪ್ರಯೋಜನವೇನು?

ಒಂದು ಎಚ್ಚರಿಕೆಯೂ ಬೇಕು. ಸಂವಿಧಾನದ 25ನೇ ವಿಧಿ ಧರ್ಮವನ್ನು ಪ್ರಚಾರ ಮಾಡುವ ಹಕ್ಕು ಕೊಟ್ಟಿದೆ. ಇನ್ನೊಬ್ಬರನ್ನು ಮತಾಂತರಿಸುವುದು ಆ ಹಕ್ಕಿನಲ್ಲಿ ಸೇರಿಲ್ಲವೆಂದು ಸುಪ್ರೀಂ ಕೋರ್ಟ್ 1977ರಲ್ಲಿ ಹೇಳಿದೆ. ಒತ್ತಾಯ, ಆಮಿಷ, ಇತರ ದೇವರುಗಳ ನಿಂದೆ, ಇವು ಕ್ರಿಸ್ತನ ದಾರಿಯೂ ಅಲ್ಲ. ಹೇಳುವುದಷ್ಟೇ ನಮ್ಮ ಪಾಲು, ನಂಬುವುದು ಬಿಡುವುದು ಕೇಳಿದವರ ಸ್ವಾತಂತ್ರ್ಯ.

ಒಳಜಗಳವಿರುವ ಸಭೆಯ ಸಾಕ್ಷಿಯನ್ನು ಯಾರೂ ನಂಬುವುದಿಲ್ಲ ಎಂಬುದನ್ನೂ ಅಜರಯ್ಯ ಅರಿತಿದ್ದರು. ಅದಕ್ಕೇ 1919ರಿಂದ ಸಭೆಗಳ ಐಕ್ಯಕ್ಕಾಗಿ ಶ್ರಮಿಸಿದರು. ಅವರು 1945ರಲ್ಲಿ ತೀರಿಕೊಂಡರು; ಆ ಐಕ್ಯದ ಫಲವಾದ ದಕ್ಷಿಣ ಭಾರತ ಸಭೆ ರೂಪುಗೊಂಡದ್ದು 1947ರಲ್ಲಿ. ನಿಮ್ಮ ಸಮಿತಿಯಲ್ಲಿ ಮನಸ್ತಾಪಗಳಿದ್ದರೆ ಮೊದಲು ಅವನ್ನು ಬಗೆಹರಿಸಿಕೊಳ್ಳಿ. ಆಮೇಲೆ ಮೊದಲ ಸಾಕ್ಷಿಯನ್ನು ಸಮಿತಿಯವರೇ ಹೇಳಿ. ಹಿರಿಯರು ಬಾಯಿ ಬಿಟ್ಟರೆ ಉಳಿದವರಿಗೂ ಧೈರ್ಯ ಬರುತ್ತದೆ.