ಬಟಾಣಿ ಪಫರ್‌ಗೆ ಜೊತೆ ಯಾರು?

ಅರಳಗುಪ್ಪೆಯ ತೆಂಗು ಬೆಳೆಗಾರರ ಮನೆಯ ಹುಡುಗನಿಗೆ ಗಪ್ಪಿಗಳಿರುವ 20 ಲೀಟರ್ ತೊಟ್ಟಿಗೆ ಆರು ಬಟಾಣಿ ಪಫರ್ ಬಿಡುವಾಸೆ. ಬೇಡ.

ಪಶ್ಚಿಮ ಘಟ್ಟದ ಈ ಸಿಹಿನೀರಿನ ಮೀನನ್ನು ವಿಜ್ಞಾನಿಗಳಾದ ಹೋರಾ ಮತ್ತು ನಾಯರ್ 1941ರಲ್ಲಿ ವಿವರಿಸಿ ತಿರುವಾಂಕೂರಿನ ಹೆಸರಿಟ್ಟರು. ಉದ್ದ ಸುಮಾರು ಮೂರೂವರೆ ಸೆಂಟಿಮೀಟರ್. ಆದರೆ ಬಸವನಹುಳುಗಳನ್ನು ಬೇಟೆಯಾಡುವ ಬಾಯಿ ಅದರದು. ಗಪ್ಪಿಯ ಬೀಸಣಿಗೆ ಬಾಲ ಅದರೆದುರು ಉಳಿಯುವುದು ಕಷ್ಟ. ಗಂಡುಗಳಂತೂ ತಮ್ಮತಮ್ಮಲ್ಲೇ ಕಾದಾಡುತ್ತವೆ.

20 ಲೀಟರಿಗೆ ಒಂದೇ ಪಫರ್ ಸಾಕು. ಆರಕ್ಕೆ ಕನಿಷ್ಠ 75 ಲೀಟರ್, ದಟ್ಟ ಗಿಡ, ಒಂದು ಗಂಡಿಗೆ ಎರಡು ಮೂರು ಹೆಣ್ಣು. ಜೊತೆ ಬೇಕೇಬೇಕೆಂದರೆ ಪಾಚಿ ತಿನ್ನುವ ಒಟೊಸಿಂಕ್ಲಸ್ ಮೀನು ನೋಡಬಹುದು, ಅದಕ್ಕೂ ಖಾತ್ರಿಯಿಲ್ಲ. ಪಫರ್‌ಗಳಷ್ಟೇ ಇರುವ ತೊಟ್ಟಿಯೇ ವಾಸಿ.

ಅಡಗಲು ತಾಣ ಬೇಕು. ಊರಿನಲ್ಲೇ ಸಿಗುವ ತೆಂಗಿನ ಚಿಪ್ಪನ್ನು ಉಜ್ಜಿ, ಕುದಿಸಿ ಬೋರಲು ಹಾಕಿದರೆ ಒಳ್ಳೆಯ ಗುಹೆ. ತೊಟ್ಟಿಯ ನೀರಿನಲ್ಲಿ ಅಮೋನಿಯಾ, ನೈಟ್ರೈಟ್ ಸೊನ್ನೆಯಾದ ಮೇಲಷ್ಟೇ ಮೀನು ತನ್ನಿ. ಸಾಕಲಾಗದಿದ್ದರೆ ದಯವಿಟ್ಟು ಊರ ಕೆರೆಗೆ ಬಿಡಬೇಡಿ.