ಮಾರ್ಷಲ್ ಮನೆತನ: ಒಂದು ವಂಶವೃಕ್ಷದ ಪಾಠ

ಇತಿಹಾಸವೆಂದರೆ ಅರಸರ ಪಟ್ಟಿ, ಯುದ್ಧಗಳ ಇಸವಿ ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದೇವೆ. ಆದರೆ ಒಂದೇ ಮನೆತನವನ್ನು ಹಿಡಿದು ಅಜ್ಜನಿಂದ ಮರಿಮಕ್ಕಳವರೆಗೆ ನೋಡುತ್ತ ಹೋದರೆ ಆ ಕಾಲದ ಕಾನೂನು, ಆಸ್ತಿ, ಮದುವೆ, ರಾಜಕಾರಣ ಎಲ್ಲವೂ ತಿಳಿದುಬರುತ್ತವೆ. ಅಂಥದೊಂದು ಮನೆತನವನ್ನು ಇಲ್ಲಿ ನೋಡೋಣ. ಅದು ಇಂಗ್ಲೆಂಡಿನ ಸರದಾರ, ಪೆಂಬ್ರೋಕಿನ ಅರ್ಲ್ ವಿಲಿಯಂ ಮಾರ್ಷಲನ ಮನೆತನ. ಅವನು ಸುಮಾರು 1147ರಲ್ಲಿ ಹುಟ್ಟಿ 1219ರಲ್ಲಿ ತೀರಿಕೊಂಡನು. ಕನ್ನಡ ನಾಡಿನಲ್ಲಿ ಹೊಯ್ಸಳ ಇಮ್ಮಡಿ ವೀರಬಲ್ಲಾಳನು ಆಳಿದ್ದು ಹೆಚ್ಚುಕಡಿಮೆ ಇದೇ ಕಾಲದಲ್ಲಿ.

ಹುದ್ದೆಯೇ ಹೆಸರಾದುದು

'ಮಾರ್ಷಲ್' ಎಂಬುದು ಮೊದಲು ಮನೆತನದ ಹೆಸರಾಗಿರಲಿಲ್ಲ, ಹುದ್ದೆಯ ಹೆಸರಾಗಿತ್ತು. ಹಳೆಯ ಜರ್ಮಾನಿಕ್ ಮಾತಿನಲ್ಲಿ ಅದರ ಮೂಲ ಅರ್ಥ ಕುದುರೆಯ ಆಳು ಎಂದು. ಕಾಲಕ್ರಮದಲ್ಲಿ ಅದು ಅರಸನ ಕುದುರೆಲಾಯವನ್ನು ನೋಡಿಕೊಳ್ಳುವ ಗೌರವದ ಅಧಿಕಾರವಾಯಿತು. ವಿಲಿಯಂನ ಅಜ್ಜ ಗಿಲ್ಬರ್ಟನು ಒಂದನೆಯ ಹೆನ್ರಿ ದೊರೆಯ ಬಳಿ ಈ ಹುದ್ದೆಯಲ್ಲಿದ್ದನು. ಅವನ ಮಗ ಜಾನನಿಗೂ ಅದೇ ದೊರೆಯಿತು. ಹೀಗೆ ಹುದ್ದೆಯು ಮನೆತನದ ಹೆಸರಾಗಿ ನಿಂತಿತು. ನಮ್ಮಲ್ಲಿ ಕುಲಕರ್ಣಿ, ದೇಸಾಯಿ, ಪಾಟೀಲ ಎಂಬ ಅಡ್ಡಹೆಸರುಗಳು ಬಂದುದೂ ಇದೇ ರೀತಿಯಲ್ಲವೇ?

ಒತ್ತೆಯಿಟ್ಟ ಮಗ

ಆಗ ಇಂಗ್ಲೆಂಡಿನಲ್ಲಿ ಸಿಂಹಾಸನಕ್ಕಾಗಿ ಒಳಯುದ್ಧ ನಡೆದಿತ್ತು. 1152ರಲ್ಲಿ ಸ್ಟೀಫನ್ ದೊರೆಯು ನ್ಯೂಬರಿಯಲ್ಲಿ ಜಾನನ ಕೋಟೆಯನ್ನು ಮುತ್ತಿದನು. ಜಾನನು ಕೆಲವು ದಿನಗಳ ಗಡುವು ಕೇಳಿ, ನಂಬಿಕೆಗೆಂದು ಮಗ ವಿಲಿಯಂನನ್ನು ಒತ್ತೆಯಿಟ್ಟನು. ಹುಡುಗನಿಗೆ ಆಗ ಐದಾರು ವರ್ಷ. ಆದರೆ ಗಡುವಿನೊಳಗೆ ಜಾನನು ಕೋಟೆಗೆ ದವಸಧಾನ್ಯ ತುಂಬಿಸಿ ಮಾತಿಗೆ ತಪ್ಪಿದನು. ಮಗನನ್ನು ಗಲ್ಲಿಗೇರಿಸುವುದಾಗಿ ದೊರೆಯು ಹೇಳಿಕಳಿಸಿದಾಗ, ಇನ್ನೂ ಮಕ್ಕಳನ್ನು ಪಡೆಯುವ ಶಕ್ತಿ ತನಗಿದೆಯೆಂದು ತಂದೆಯು ಉತ್ತರ ಕೊಟ್ಟನಂತೆ. ದೊರೆಗೆ ಮಗುವನ್ನು ಕೊಲ್ಲಲು ಮನಸ್ಸಾಗಲಿಲ್ಲ, ಹುಡುಗನು ಉಳಿದನು.

ತಂದೆಗೆ ಇಬ್ಬರು ಹೆಂಡಿರಲ್ಲಿ ಹುಟ್ಟಿದ ಗಂಡುಮಕ್ಕಳಲ್ಲಿ ವಿಲಿಯಂನು ನಾಲ್ಕನೆಯವನು. ಅಲ್ಲಿಯ ಪದ್ಧತಿಯಂತೆ ಭೂಮಿಯೆಲ್ಲವೂ ಹಿರಿಯ ಮಗನಿಗೆ. ಕಿರಿಯರು ತಮ್ಮ ದಾರಿಯನ್ನು ತಾವೇ ಹುಡುಕಿಕೊಳ್ಳಬೇಕು. ವಿಲಿಯಂನನ್ನು ನಾರ್ಮಂಡಿಯ ಬಂಧುವೊಬ್ಬನ ಮನೆಗೆ ಯುದ್ಧವಿದ್ಯೆ ಕಲಿಯಲು ಕಳಿಸಿದರು. ಅಲ್ಲಿ ಅವನು ನೈಟ್ ಎಂಬ ಅಶ್ವಾರೋಹಿ ಯೋಧನಾದನು. ಆಗಿನ ಕಾಲದಲ್ಲಿ ಸವಾರರ ಕಾಳಗದ ಪಂದ್ಯಗಳು ನಡೆಯುತ್ತಿದ್ದವು. ಸೋತವನು ತನ್ನ ಕುದುರೆಯನ್ನೋ ಹಣವನ್ನೋ ಕೊಟ್ಟು ಬಿಡಿಸಿಕೊಳ್ಳಬೇಕಾಗಿತ್ತು. ಇಂಥ ಪಂದ್ಯಗಳಲ್ಲಿ ಗೆದ್ದು ವಿಲಿಯಂನು ಹಣವನ್ನೂ ಹೆಸರನ್ನೂ ಗಳಿಸಿದನು.

ಹೆಣ್ಣಿನಿಂದ ಬಂದ ಸಿರಿ

ಆದರೂ ನಲವತ್ತು ದಾಟುವವರೆಗೆ ಅವನು ದೊಡ್ಡ ಭೂಮಾಲೀಕನಾಗಿರಲಿಲ್ಲ. 1189ರಲ್ಲಿ ಸಿಂಹಹೃದಯಿಯೆಂದು ಹೆಸರಾದ ರಿಚರ್ಡ್ ದೊರೆಯು ಅವನಿಗೆ ಇಸಾಬೆಲ್ ಡಿ ಕ್ಲೇರ್ ಎಂಬ ತರುಣಿಯೊಡನೆ ಮದುವೆ ಮಾಡಿಸಿದನು. ಅವಳ ತಂದೆಯು 'ಸ್ಟ್ರಾಂಗ್‌ಬೋ' ಎಂದು ಪ್ರಸಿದ್ಧನಾದ ಸರದಾರ. ತಾಯಿ ಈಫಾ ಐರ್ಲೆಂಡಿನ ಲೆನ್‌ಸ್ಟರ್ ಅರಸನ ಮಗಳು. ಇಸಾಬೆಲಳ ತಮ್ಮನು ಎಳವೆಯಲ್ಲಿಯೇ ತೀರಿಹೋಗಿದ್ದರಿಂದ ಆಸ್ತಿಯೆಲ್ಲವೂ ಅವಳಿಗೆ ಬಂದಿತ್ತು. ವೇಲ್ಸಿನ ಗಡಿಯ ಚೆಪ್‌ಸ್ಟೋ ಕೋಟೆ, ಐರ್ಲೆಂಡಿನ ಲೆನ್‌ಸ್ಟರ್ ಸೀಮೆ, ಮುಂದೆ 1199ರಲ್ಲಿ ಪೆಂಬ್ರೋಕಿನ ಅರ್ಲ್ ಪದವಿ, ಇವೆಲ್ಲವೂ ವಿಲಿಯಂನಿಗೆ ಸಿಕ್ಕಿದ್ದು ಈ ಮದುವೆಯಿಂದ.

1216ರಲ್ಲಿ ಜಾನ್ ದೊರೆಯು ತೀರಿಕೊಂಡಾಗ ಯುವರಾಜ ಮೂರನೆಯ ಹೆನ್ರಿಗೆ ಒಂಬತ್ತೇ ವರ್ಷ. ಅರ್ಧ ರಾಜ್ಯವು ದಂಗೆಕೋರರ ಮತ್ತು ಫ್ರೆಂಚರ ಕೈಯಲ್ಲಿತ್ತು. ಎಪ್ಪತ್ತರ ಮುದುಕ ವಿಲಿಯಂನು ರಾಜಪ್ರತಿನಿಧಿಯಾದನು. ಮ್ಯಾಗ್ನಾ ಕಾರ್ಟಾ ಸನದನ್ನು ತಿದ್ದಿ ಮತ್ತೆ ಹೊರಡಿಸಿದನು. 1217ರ ಮೇ 20ರಂದು ಲಿಂಕನ್ ನಗರದಲ್ಲಿ ತಾನೇ ಕುದುರೆಯೇರಿ ಕಾದಿ ಗೆದ್ದನು. ಎರಡು ವರ್ಷಗಳ ತರುವಾಯ ತೀರಿಕೊಂಡನು. ಲಂಡನ್ನಿನ ಟೆಂಪಲ್ ಚರ್ಚಿನಲ್ಲಿ ಅವನ ಕಲ್ಲಿನ ಮೂರ್ತಿಯು ಇಂದಿಗೂ ಇದೆ.

ಐವರು ಗಂಡುಮಕ್ಕಳು

ವಿಲಿಯಂ ಇಸಾಬೆಲರಿಗೆ ಐವರು ಗಂಡುಮಕ್ಕಳು, ಐವರು ಹೆಣ್ಣುಮಕ್ಕಳು. ಐದು ಗಂಡು ಇರುವಾಗ ಈ ಮನೆತನಕ್ಕೆ ಯಾವ ಭಯ ಎಂದು ಎಲ್ಲರೂ ಎಣಿಸಿರಬೇಕು. ಆದರೆ ನಡೆದದ್ದೇ ಬೇರೆ. ಹಿರಿಯ ಮಗ ವಿಲಿಯಂನು ದೊರೆಯ ತಂಗಿಯನ್ನೇ ಮದುವೆಯಾಗಿದ್ದನು, 1231ರಲ್ಲಿ ತೀರಿಕೊಂಡನು. ಎರಡನೆಯವನಾದ ರಿಚರ್ಡನು ದೊರೆಯನ್ನು ಎದುರುಹಾಕಿಕೊಂಡು 1234ರಲ್ಲಿ ಐರ್ಲೆಂಡಿನಲ್ಲಿ ಗಾಯಗೊಂಡು ಸತ್ತನು. ಮೂರನೆಯವನಾದ ಗಿಲ್ಬರ್ಟನು 1241ರಲ್ಲಿ ಹರ್ಟ್‌ಫರ್ಡ್ ಬಳಿಯ ಕಾಳಗದ ಪಂದ್ಯದಲ್ಲಿ ಕುದುರೆಯಿಂದ ಬಿದ್ದು ಮಡಿದನು. ತಂದೆಯನ್ನು ಬೆಳೆಸಿದ ಆಟವೇ ಮಗನ ಪ್ರಾಣವನ್ನು ತೆಗೆಯಿತು. ವಾಲ್ಟರ್ ಮತ್ತು ಆನ್ಸೆಲ್ಮ್ ಇಬ್ಬರೂ 1245ರ ಕೊನೆಯಲ್ಲಿ ಸುಮಾರು ಒಂದು ತಿಂಗಳ ಅಂತರದಲ್ಲಿ ಸತ್ತರು. ಐವರಲ್ಲಿ ಯಾರಿಗೂ ಹೆಸರು ಮುಂದುವರಿಸುವ ಮಕ್ಕಳಿರಲಿಲ್ಲ. ಹದಿನಾಲ್ಕೇ ವರ್ಷಗಳಲ್ಲಿ ಅರ್ಲ್ ಪದವಿಯು ಅಣ್ಣನಿಂದ ತಮ್ಮನಿಗೆ ಹೋಗುತ್ತ ಹೋಗುತ್ತ ಮುಗಿದುಹೋಯಿತು.

ಐರ್ಲೆಂಡಿನ ಫರ್ನ್ಸ್ ಊರಿನ ಬಿಷಪ್ಪನ ಶಾಪದಿಂದ ಹೀಗಾಯಿತೆಂದು ಮ್ಯಾಥ್ಯೂ ಪ್ಯಾರಿಸ್ ಎಂಬ ಆ ಕಾಲದ ಸನ್ಯಾಸಿಯು ಬರೆದಿಟ್ಟಿದ್ದಾನೆ. ಚರ್ಚಿನ ಭೂಮಿಯನ್ನು ವಿಲಿಯಂನು ಕಸಿದುಕೊಂಡಿದ್ದನೆಂಬುದು ಬಿಷಪ್ಪನ ದೂರು. ಶಾಪದ ಕಥೆ ಕೇಳಲು ಸೊಗಸು. ಆದರೆ ಒಬ್ಬನು ಯುದ್ಧದ ಗಾಯದಿಂದಲೂ ಇನ್ನೊಬ್ಬನು ಕುದುರೆಯಿಂದ ಬಿದ್ದೂ ಸತ್ತಿರುವಾಗ ಕಾರಣವನ್ನು ಶಾಪದಲ್ಲಿ ಹುಡುಕಬೇಕಾಗಿಲ್ಲ. ಇತಿಹಾಸ ಓದುವವರು ಜನ ಏನು ನಂಬಿದ್ದರು ಎಂಬುದನ್ನೂ ಏನು ನಡೆಯಿತು ಎಂಬುದನ್ನೂ ಬೇರೆಬೇರೆಯಾಗಿ ಇಟ್ಟುಕೊಳ್ಳಬೇಕು.

ಐವರು ಹೆಣ್ಣುಮಕ್ಕಳು

ಹಾಗಾದರೆ ಮನೆತನ ಅಳಿಯಿತೇ? ಹೆಸರು ಅಳಿಯಿತು, ಮನೆತನ ಅಳಿಯಲಿಲ್ಲ. ಗಂಡು ಸಂತಾನವಿಲ್ಲದಿದ್ದರೆ ಆಸ್ತಿಯು ಹೆಣ್ಣುಮಕ್ಕಳಿಗೆ ಸಮಪಾಲಾಗಬೇಕೆಂಬುದು ಇಂಗ್ಲೆಂಡಿನ ಅಂದಿನ ಕಾನೂನು. ಅದರಂತೆ ಮಟಿಲ್ಡಾ, ಇಸಾಬೆಲ್, ಸಿಬಿಲ್, ಈವಾ, ಜೋನ್ ಎಂಬ ಐವರಿಗೆ, ಸತ್ತವರಿದ್ದರೆ ಅವರ ಮಕ್ಕಳಿಗೆ, ಐದು ಪಾಲು ಮಾಡಿದರು. ಸಿಬಿಲಳಿಗೆ ಏಳು ಹೆಣ್ಣುಮಕ್ಕಳು. ಅವಳ ಪಾಲು ಮತ್ತೆ ಏಳಾಯಿತು. ಅಂದರೆ ಒಬ್ಬೊಬ್ಬಳಿಗೆ ಒಟ್ಟು ಆಸ್ತಿಯ 35ರಲ್ಲಿ ಒಂದು ಪಾಲು!

ಹಿರಿಯಳಾದ ಮಟಿಲ್ಡಾಳಿಗೆ ಮಾರ್ಷಲ್ ಹುದ್ದೆಯು ಬಂದಿತು. ಅವಳಿಂದ ಮಗ ನಾರ್ಫೋಕಿನ ಅರ್ಲ್ ರೋಜರನಿಗೆ ಹೋಯಿತು. ಮುಂದೆ ಹಲವು ಕೈಗಳನ್ನು ದಾಟಿ ಅದು ನಾರ್ಫೋಕಿನ ಡ್ಯೂಕರ ಮನೆತನದಲ್ಲಿ ನಿಂತಿದೆ. 2023ರಲ್ಲಿ ಮೂರನೆಯ ಚಾರ್ಲ್ಸ್ ದೊರೆಯ ಪಟ್ಟಾಭಿಷೇಕದ ಏರ್ಪಾಡು ಮಾಡಿದವರು ಈ ಹುದ್ದೆಯಲ್ಲಿರುವವರೇ. ಇಸಾಬೆಲಳ ಮರಿಮಗ ರಾಬರ್ಟ್ ಬ್ರೂಸನು 1306ರಲ್ಲಿ ಸ್ಕಾಟ್ಲೆಂಡಿನ ದೊರೆಯಾದನು. ಈವಾಳ ಸಂತತಿಯಲ್ಲಿ ಇಂಗ್ಲೆಂಡಿನ ನಾಲ್ಕನೆಯ ಎಡ್ವರ್ಡ್ ದೊರೆ ಹುಟ್ಟಿದನು. ತಂದೆಯು ಸಾಯುವಾಗ ಕಿರಿಯಳಾದ ಜೋನಳಿಗೆ ಇನ್ನೂ ಮದುವೆಯಾಗಿರಲಿಲ್ಲ. ಅವಳದೇ ಚಿಂತೆಯಲ್ಲಿ ಅವನು ಅವಳಿಗೆಂದು ಭೂಮಿಯನ್ನೂ ಹಣವನ್ನೂ ಬರೆಸಿದನು. ಕೊನೆಗೆ ಪೆಂಬ್ರೋಕ್ ಕೋಟೆಯು ಬಂದದ್ದು ಈ ಜೋನಳ ಮಗಳಿಗೆ.

ಇದೆಲ್ಲ ತಿಳಿದುದು ಹೇಗೆ?

ಹಿರಿಯ ಮಗನು ತಂದೆಯ ಚರಿತ್ರೆಯನ್ನು ಒಬ್ಬ ಕವಿಯಿಂದ ಬರೆಸಿದನು. ಸುಮಾರು 1226ರಲ್ಲಿ ಮುಗಿದ ಈ ಕಾವ್ಯದಲ್ಲಿ 19,000ಕ್ಕೂ ಹೆಚ್ಚು ಸಾಲುಗಳಿವೆ. ಭಾಷೆ ಇಂಗ್ಲಿಷಲ್ಲ, ಫ್ರೆಂಚ್. ಅಂದಿನ ಇಂಗ್ಲೆಂಡಿನ ಸರದಾರರ ಮಾತು ಅದೇ. ಉಳಿದಿರುವುದು ಒಂದೇ ಹಸ್ತಪ್ರತಿ. ಪೌಲ್ ಮೆಯೆರ್ ಎಂಬ ಫ್ರೆಂಚ್ ವಿದ್ವಾಂಸನು ಅದನ್ನು 1861ರಲ್ಲಿ ಲಂಡನ್ನಿನ ಹರಾಜಿನಲ್ಲಿ ಕಂಡನು. ಆದರೆ ಬೇರೊಬ್ಬರು ಅದನ್ನು ಕೊಂಡುಕೊಂಡರು. ಇಪ್ಪತ್ತು ವರ್ಷ ಕಾದು, ಹುಡುಕಿ, ಅವನು ಅದನ್ನು ಮತ್ತೆ ಪತ್ತೆಹಚ್ಚಿ ಅಚ್ಚು ಹಾಕಿಸಿದನು. ಮಗನು ಬರೆಸಿದ ಗ್ರಂಥವಾದ್ದರಿಂದ ಅದರಲ್ಲಿ ಹೊಗಳಿಕೆ ಹೆಚ್ಚು. ಆದುದರಿಂದ ಅದನ್ನು ದಾನಪತ್ರ, ಸರಕಾರಿ ದಾಖಲೆ, ಸಮಾಧಿಗಳೊಡನೆ ತಾಳೆ ನೋಡುತ್ತಾರೆ.

ವಿದ್ಯಾರ್ಥಿಗಳೇ, ಮಾರ್ಷಲರ ವಂಶವೃಕ್ಷವನ್ನು ಗಂಡುಮಕ್ಕಳ ಹೆಸರಷ್ಟೇ ಹಾಕಿ ಬರೆದರೆ ಅದು 1245ಕ್ಕೆ ಒಣಗಿದ ಮರ. ಹೆಣ್ಣುಮಕ್ಕಳನ್ನೂ ಸೇರಿಸಿ ಬರೆದರೆ ಅದು ಇಂದಿಗೂ ಕೊಂಬೆ ಚಾಚಿರುವ ಮರ. ನಮ್ಮ ಮನೆಗಳಲ್ಲಿರುವ ವಂಶಾವಳಿಗಳಲ್ಲಿ ಅಜ್ಜ, ಮುತ್ತಜ್ಜರ ಹೆಸರುಗಳಿರುತ್ತವೆ. ಅಜ್ಜಿ, ಮುತ್ತಜ್ಜಿ, ಅತ್ತೆಯರ ಹೆಸರು ಎಷ್ಟು ಕಡೆ ಇರುತ್ತದೆ? ಈ ರಜೆಯಲ್ಲಿ ಹಿರಿಯರ ಬಳಿ ಕುಳಿತು ಆ ಹೆಸರುಗಳನ್ನೂ ಅವರ ತವರೂರುಗಳನ್ನೂ ಕೇಳಿ ಬರೆದುಕೊಳ್ಳಿರಿ. ಪಾಲಕರೂ ಇದಕ್ಕೆ ನೆರವಾಗಬೇಕೆಂದು ನಾವು ಕೋರುತ್ತೇವೆ. ಹೇಳುವವರು ಇರುವಾಗಲೇ ಕೇಳಿಟ್ಟುಕೊಳ್ಳಬೇಕು.