ಬೀಗರಾದ ವೈರಿಗಳು, ಹೆಸರಿಲ್ಲದ ಮದುಮಗಳು

ಪ್ರಶ್ನೆ: ಈಚೆಗೆ ಮನೆಮಂದಿಯೆಲ್ಲ ಕೂತು ಚೀನಾದ ಒಂದು ಚಾರಿತ್ರಿಕ ಪ್ರೇಮಕಥೆಯ ಧಾರಾವಾಹಿ ನೋಡಿದೆವು. ಯುದ್ಧದಲ್ಲಿ ಸೋತ ಅರಸ ಮಗಳನ್ನು ಗೆದ್ದವನಿಗೆ ಕೊಡುತ್ತಾನೆ. ಆಕೆ ಅತ್ತ ಗಂಡನ ಕಡೆಯೂ ಅಲ್ಲ, ಇತ್ತ ತವರಿನ ಕಡೆಯೂ ಅಲ್ಲ ಎಂಬಂತೆ ಒದ್ದಾಡುತ್ತಾಳೆ. ನಮ್ಮ ಬಳ್ಳಾರಿ, ಸಿರುಗುಪ್ಪ, ಕುರುಗೋಡು ಸೀಮೆಯಲ್ಲಿ ಇಂಥದ್ದು ನಿಜವಾಗಿ ನಡೆದದ್ದುಂಟೆ? ನಡೆದಿದ್ದರೆ ಆ ಹೆಣ್ಣು ಕೊನೆಗೆ ಯಾರ ಕಡೆ ನಿಂತಳು?
— ಓದುಗರೊಬ್ಬರು, ಕುರುಗೋಡು

ಉತ್ತರ: ನಡೆದದ್ದುಂಟು, ಒಂದಕ್ಕಿಂತ ಹೆಚ್ಚು ಸಲ. ಸಿರುಗುಪ್ಪದಿಂದ ಸಿಂಧನೂರಿಗೆ ಹೋಗುವಾಗ ದಢೇಸೂಗೂರಿನ ಹತ್ತಿರ ತುಂಗಭದ್ರೆಯನ್ನು ದಾಟುತ್ತೀರಲ್ಲ, ಆ ನದಿ ಶತಮಾನಗಳ ಕಾಲ ರಾಜ್ಯ ರಾಜ್ಯಗಳ ನಡುವಿನ ಗಡಿಯಾಗಿತ್ತು. ಆಚೆ ದಂಡೆಯ ದೋಆಬಿಗಾಗಿ, ಎಂದರೆ ಎರಡು ನದಿಗಳ ನಡುವಿನ ನೆಲಕ್ಕಾಗಿ, ಹರಿದ ರಕ್ತಕ್ಕೆ ಲೆಕ್ಕವಿಲ್ಲ. ಗಡಿ ಇದ್ದಲ್ಲಿ ಯುದ್ಧ, ಯುದ್ಧ ಮುಗಿದಲ್ಲಿ ಸಂಧಿ, ಸಂಧಿಯ ಕರಾರಿನಲ್ಲಿ ಹಲವು ಸಲ ಒಬ್ಬಳು ಹೆಣ್ಣುಮಗಳು.

ನಿಮ್ಮ ಧಾರಾವಾಹಿಗೆ ತೀರ ಹತ್ತಿರವಾದದ್ದು ವಿಜಯನಗರದ ಒಂದನೆಯ ದೇವರಾಯನ ಮಗಳ ಕಥೆ. ಇದನ್ನು ಬರೆದಿಟ್ಟವನು ಬಿಜಾಪುರದ ಎರಡನೆಯ ಇಬ್ರಾಹಿಂ ಆದಿಲ್‌ಷಾಹನ ಆಶ್ರಯದಲ್ಲಿದ್ದ ಇತಿಹಾಸಕಾರ ಫೆರಿಷ್ತಾ. ಘಟನೆ ನಡೆದು ಸುಮಾರು ಇನ್ನೂರು ವರ್ಷಗಳ ಮೇಲೆ ಬರೆದ. ವಿಜಯನಗರದ ಎದುರಾಳಿಗಳಾದ ಬಹಮನಿ ಸುಲ್ತಾನರ ಕಡೆಗೆ ವಾಲಿ ಬರೆದ. ವಿಜಯನಗರದ ಶಾಸನಗಳು ಈ ಮದುವೆಯ ಮಾತೆತ್ತುವುದಿಲ್ಲ. ಆದ್ದರಿಂದ ವಿವರಗಳನ್ನು ಅವನ ಮಾತೆಂದೇ ತಿಳಿದು ಓದಬೇಕು.

ಅವನು ಹೇಳುವಂತೆ ಜಗಳ ಶುರುವಾದದ್ದು ರಾಜಕುಮಾರಿಯಿಂದಲ್ಲ, ಮುದಗಲ್ಲಿನ ಒಬ್ಬ ಅಕ್ಕಸಾಲಿಗನ ಮಗಳಿಂದ. ಅವಳ ರೂಪವನ್ನೂ ಸಂಗೀತವನ್ನೂ ಒಬ್ಬ ಬ್ರಾಹ್ಮಣ ಹೊಗಳಿದ್ದನ್ನು ಕೇಳಿ ದೇವರಾಯ ಮರುಳಾದ. ಅದೇ ಬ್ರಾಹ್ಮಣನ ಕೈಯಲ್ಲಿ ರತ್ನದ ಹಾರ ಕೊಟ್ಟು ಹೆಣ್ಣು ಕೇಳಿಸಿದ. ತಂದೆತಾಯಿ ಹಿಗ್ಗಿದರು. ಹುಡುಗಿ ಒಲ್ಲೆ ಎಂದಳು. ಆ ಅರಮನೆಯೊಳಗೆ ಹೋದವರು ಮತ್ತೆ ಹೆತ್ತವರ ಮುಖ ನೋಡುವಂತಿಲ್ಲ ಎಂಬುದು ಅವಳು ಕೊಟ್ಟ ಕಾರಣ. ತನಗೆ ಮುಸ್ಲಿಂ ರಾಜಕುಮಾರನ ಕೈಹಿಡಿಯುವ ಯೋಗವಿದೆ ಎಂದು ಮೊದಲಿನಿಂದಲೂ ಅನ್ನಿಸಿತ್ತೆಂದು ಅವಳು ಹೇಳಿದಳೆಂದೂ ಫೆರಿಷ್ತಾ ಸೇರಿಸುತ್ತಾನೆ. ಆ ಎರಡನೆಯ ಮಾತು ಬರೆದವನದೇ ಎಂದು ನನಗನ್ನಿಸುತ್ತದೆ. ಮೊದಲನೆಯದು ಹಾಗಲ್ಲ. ತವರು ತಪ್ಪುವ ಭಯವನ್ನು ಯಾವ ಆಸ್ಥಾನದ ಬರಹಗಾರನೂ ಕಟ್ಟಿ ಹೇಳಬೇಕಾಗಿರಲಿಲ್ಲ. ಬೀಸುವ ಕಲ್ಲಿನ ಹಾಡು ಕೇಳಿ ಬೆಳೆದ ಯಾರಿಗಾದರೂ ಅದು ಗೊತ್ತು.

ದೇವರಾಯ ಬಿಡಲಿಲ್ಲ. ನದಿ ದಾಟಿಸಿ ದಂಡು ಕಳಿಸಿದ. ಸುದ್ದಿ ತಿಳಿದ ಅಕ್ಕಸಾಲಿಗನ ಮನೆಯವರು ಊರು ಬಿಟ್ಟು ಓಡಿದ್ದರು. ಹುಡುಗಿ ಸಿಗದ ಸೈನಿಕರು ಸುತ್ತಿನ ಹಳ್ಳಿಗಳನ್ನು ದೋಚಿದರು. ಬಹಮನಿ ಸುಲ್ತಾನ ಫಿರೋಜ್ ಷಾಗೆ ಅಷ್ಟು ನೆಪ ಸಾಕಾಯಿತು. ವಿಜಯನಗರದ ಬಾಗಿಲವರೆಗೆ ಬಂದ, ಕೈಗೆ ಬಾಣ ತಗುಲಿ ಗಾಯಗೊಂಡ, ಆದರೂ ಹಿಂದೆ ಸರಿಯಲಿಲ್ಲ. ಒಂದು ದಂಡನ್ನು ದಕ್ಷಿಣಕ್ಕೆ ಸುಲಿಗೆಗೆ ಬಿಟ್ಟ, ಇನ್ನೊಂದನ್ನು ಬಂಕಾಪುರದ ಮೇಲೆ ಕಳಿಸಿದ. ಗುಜರಾತು, ಮಾಳವದವರ ನೆರವು ಸಿಗದೆ ದೇವರಾಯ ಸಂಧಿಗೆ ಒಪ್ಪಿದ. ಇದು ಸುಮಾರು 1407ರ ಮಾತು. ಕರಾರು ಹೀಗಿತ್ತು: ಹತ್ತು ಲಕ್ಷ ಹೊನ್ನು, ಐದು ಮಣ ಮುತ್ತು, ಐವತ್ತು ಆನೆ, ಎರಡು ಸಾವಿರ ಮಂದಿ ದಾಸದಾಸಿಯರು, ಬಳುವಳಿಯಾಗಿ ಬಂಕಾಪುರದ ಕೋಟೆ, ಮತ್ತು ಮಗಳು. ಕರ್ನಾಟಕದ ಅರಸರು ಅಲ್ಲಿಯವರೆಗೆ ತಮ್ಮ ಕುಲದ ಹೊರಗೆ ಹೆಣ್ಣು ಕೊಟ್ಟವರಲ್ಲ ಎಂದು ಫೆರಿಷ್ತಾನೇ ಒಪ್ಪುತ್ತಾನೆ.

ಮದುವೆಯ ಸಂಭ್ರಮವನ್ನು ಅವನು ಎಷ್ಟು ಬಣ್ಣಿಸಿದರೂ ದಣಿಯುವುದಿಲ್ಲ. ನಗರಕ್ಕೂ ಸುಲ್ತಾನನ ಪಾಳೆಯಕ್ಕೂ ನಡುವೆ ನಲವತ್ತು ದಿನ ಜಾತ್ರೆ. ದಾರಿಯ ಎರಡೂ ಬದಿಗೆ ಅಂಗಡಿ ಸಾಲು, ದೊಂಬರಾಟ, ಗಾರುಡಿ. ಸುಲ್ತಾನ ಅಳಿಯನಾಗಿ ನಗರಕ್ಕೆ ಬಂದ ದಿನ ಹೆಬ್ಬಾಗಿಲಿಂದ ಅರಮನೆಯವರೆಗೆ ಆರು ಮೈಲಿ ಜರತಾರಿ, ಮಖಮಲ್ಲು, ರೇಷ್ಮೆ ಹಾಸಿದ್ದರಂತೆ. ಮೂರು ದಿನದ ಉಪಚಾರ ಮುಗಿಸಿ ಹೊರಟಾಗ ಮಾವ ಸ್ವಲ್ಪ ದೂರ ಬಂದು ಹಿಂತಿರುಗಿದ. ಪಾಳೆಯದವರೆಗೆ ಕಳಿಸಿಕೊಡಲಿಲ್ಲವೆಂದು ಅಳಿಯ ಸಿಟ್ಟಾದ, ಇದರ ಸೇಡು ತೀರಿಸಿಕೊಳ್ಳುತ್ತೇನೆಂದ. ಬೀಗತನ ಅಲ್ಲಿಗೇ ಹಳಸಿತು. ಹತ್ತು ಹನ್ನೆರಡು ವರ್ಷಗಳಲ್ಲಿ ಮಾವ ಅಳಿಯ ಪಾನಗಲ್ಲಿನಲ್ಲಿ ಮತ್ತೆ ಕತ್ತಿ ಹಿರಿದರು. ಆ ಸಲ ಸೋತವನು ಫಿರೋಜ್. 1422ರಲ್ಲಿ ಇಬ್ಬರ ಕಾಲವೂ ಮುಗಿಯಿತು.

ಇಷ್ಟೆಲ್ಲ ಬರೆದ ಫೆರಿಷ್ತಾ ಮದುಮಗಳ ಹೆಸರು ಹೇಳುವುದಿಲ್ಲ. ಹಾಸಿದ ಬಟ್ಟೆಯ ಜಾತಿ ಗೊತ್ತು, ಮುತ್ತಿನ ತೂಕ ಗೊತ್ತು, ಅವಳ ಹೆಸರು ಮಾತ್ರ ಗೊತ್ತಿಲ್ಲ. ಫಿರೋಜ್ ಷಾ ಭೀಮಾ ನದಿಯ ದಂಡೆಯಲ್ಲಿ ಫಿರೋಜಾಬಾದ್ ಕಟ್ಟಿಸಿ, ಹಲವು ದೇಶದ ರಾಣಿಯರನ್ನು ಇಟ್ಟಿದ್ದನೆಂದೂ, ಒಬ್ಬೊಬ್ಬಳಿಗೆ ಅವಳ ಭಾಷೆ ಬಲ್ಲ ಸೇವಕಿಯರನ್ನೇ ನೇಮಿಸಿದ್ದನೆಂದೂ, ತಾನೂ ಅವರವರ ಭಾಷೆಯಲ್ಲೇ ಮಾತಾಡುತ್ತಿದ್ದನೆಂದೂ ಫೆರಿಷ್ತಾ ಬರೆಯುತ್ತಾನೆ. ವಿಜಯನಗರದ ಮಗಳು ಅಲ್ಲಿದ್ದಳೆ, ಪಾನಗಲ್ಲಿನ ಸುದ್ದಿ ಬಂದ ದಿನ ಅವಳ ಕೋಣೆಯಲ್ಲಿ ಯಾವ ಮಾತು ನಡೆಯಿತು, ಯಾರೂ ಬರೆದಿಡಲಿಲ್ಲ. ಆ ಅಕ್ಕಸಾಲಿಗನ ಮಗಳನ್ನು ಮಾತ್ರ ಸುಲ್ತಾನ ಕರೆಸಿ ತನ್ನ ಮಗ ಹಸನ್ ಖಾನನಿಗೆ ಮದುವೆ ಮಾಡಿದ, ತಂದೆತಾಯಿಗೆ ಬಹುಮಾನ ಕೊಟ್ಟ. ಒಂದೇ ಯುದ್ಧದಿಂದ ಎರಡು ಮದುವೆ. ಒಲ್ಲೆ ಎಂದವಳ ಮಾತು ಉಳಿಯಿತು; ಒಪ್ಪಿಸಲ್ಪಟ್ಟವಳದು ಉಳಿಯಲಿಲ್ಲ.

ಇನ್ನೂ ಹಿಂದಕ್ಕೆ ಹೋದರೆ ಕಂಪ್ಲಿ. ಹನ್ನೊಂದನೆಯ ಶತಮಾನದಲ್ಲಿ ಅದು ಕಲ್ಯಾಣದ ಚಾಲುಕ್ಯರ ಅರಮನೆಯಿದ್ದ ಊರು. ರಾಜಾಧಿರಾಜ ಚೋಳ ಅದನ್ನು ಕೆಡವಿದೆನೆಂದು ಶಾಸನ ಹಾಕಿಸಿದ, ಆಮೇಲೆ ವೀರರಾಜೇಂದ್ರ ಚೋಳ ಸುಟ್ಟೆನೆಂದು ಹಾಕಿಸಿದ. ಅದೇ ವೀರರಾಜೇಂದ್ರ ಮಗಳನ್ನು ಚಾಲುಕ್ಯ ರಾಜಪುತ್ರ ಆರನೆಯ ವಿಕ್ರಮಾದಿತ್ಯನಿಗೆ ತುಂಗಭದ್ರೆಯ ದಂಡೆಯಲ್ಲೇ ಕೊಟ್ಟನೆಂದು ಆಸ್ಥಾನಕವಿ ಬಿಲ್ಹಣ ಹೇಳುತ್ತಾನೆ. ಅಣ್ಣ ಎರಡನೆಯ ಸೋಮೇಶ್ವರನೊಂದಿಗೆ ಮುನಿದು ಬಂದಿದ್ದ ವಿಕ್ರಮಾದಿತ್ಯನಿಗೆ ಈ ಮಾವ ಆಸರೆಯಾದ. ಆದರೆ ಆ ಮಗಳ ಪಾಡು ನೋಡಿ. ಅಪ್ಪ ತೀರಿಕೊಂಡ. ಗಂಡ ಕಂಚಿಗೆ ಹೋಗಿ ಅವಳ ತಮ್ಮನನ್ನೋ ಅಣ್ಣನನ್ನೋ, ಅಧಿರಾಜೇಂದ್ರನನ್ನು, ಪಟ್ಟಕ್ಕೆ ಕೂರಿಸಿ ಬಂದ. 1070ರಲ್ಲಿ ಅವನ ಕೊಲೆಯಾಯಿತು. ಬಂಧುವೇ ಆದ ಕುಲೋತ್ತುಂಗ ಚೋಳ ಸಿಂಹಾಸನವೇರಿದ, ಗಂಡನಿಗೆ ಬದುಕಿನುದ್ದದ ವೈರಿಯಾದ. 1076ರಲ್ಲಿ ವಿಕ್ರಮಾದಿತ್ಯ ಅಣ್ಣನನ್ನು ಸೋಲಿಸಿ ರಾಜನಾದ. ಆರೇಳು ವರ್ಷಗಳಲ್ಲಿ ಅಣ್ಣ ತಮ್ಮಂದಿರೂ ಬಂಧುಗಳೂ ಒಬ್ಬರಿಗೊಬ್ಬರು ಎರಡು ಬಗೆದರು. ನಿಷ್ಠೆ ಯಾರ ಕಡೆ ಎಂಬ ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ಕೊಟ್ಟ ಹೆಣ್ಣಿಗೆ ಕೇಳುತ್ತೇವೆ. ಈ ಕಥೆಯಲ್ಲಿ ಅದನ್ನು ಗಂಡಸರಿಗೆ ಕೇಳಬೇಕು.

ನಿಮ್ಮ ಕುರುಗೋಡು ಹನ್ನೆರಡನೆಯ ಶತಮಾನದಲ್ಲಿ ಸಿಂದ ಅರಸರ ರಾಜಧಾನಿಯಾಗಿತ್ತು. ಅದೇ ಸಿಂದ ಹೆಸರಿನ ಎಲಬುರ್ಗದ ಶಾಖೆಯಲ್ಲಿ ಎರಡನೆಯ ಚಾವುಂಡನೆಂಬವನಿದ್ದ, ಚಾಲುಕ್ಯರ ಸಾಮಂತ. ಅವನ ಹೆಂಡತಿಯರಲ್ಲಿ ಒಬ್ಬಳು ಸಿರಿಯಾದೇವಿ, ಚಾಲುಕ್ಯರ ಸಿಂಹಾಸನವನ್ನೇ ಕಿತ್ತುಕೊಂಡ ಕಳಚುರಿ ಬಿಜ್ಜಳನ ಮಗಳು. ಅವಳು ಹೆತ್ತ ಒಬ್ಬ ಮಗನ ಹೆಸರು ಬಿಜ್ಜಳ. ಚಾಲುಕ್ಯರ ಅನ್ನ ಉಂಡ ಮನೆಯಲ್ಲಿ ಅಜ್ಜನ ಹೆಸರು ಮೊಮ್ಮಗನಿಗೆ ಬಂತು. ತವರಿನ ನೆನಪು ಉಳಿದದ್ದಕ್ಕೆ ಇಷ್ಟು ಗಟ್ಟಿ ಗುರುತು ಈ ಸೀಮೆಯ ದಾಖಲೆಗಳಲ್ಲಿ ನಾನು ಬೇರೆಲ್ಲೂ ಕಂಡಿಲ್ಲ.

ಚೀನಾದ ಕಥೆಗಳ ಬೇರು ಕ್ರಿಸ್ತಪೂರ್ವಕ್ಕೆ ಹೋಗುತ್ತದೆ. ಕ್ರಿ.ಪೂ. 200ರಲ್ಲಿ ಹಾನ್ ಚಕ್ರವರ್ತಿ ಉತ್ತರದ ಷಿಯೊಂಗ್ನು ಕುದುರೆಸವಾರರ ಮುತ್ತಿಗೆಗೆ ಸಿಕ್ಕಿ ಬಿಡಿಸಿಕೊಂಡ ಮೇಲೆ ಹೆಣ್ಣು ಕೊಟ್ಟು ಶಾಂತಿ ಕೊಳ್ಳುವುದು ಅಲ್ಲಿ ರಾಜನೀತಿಯೇ ಆಯಿತು. ಹಲವು ಸಲ ಕಳಿಸಿದ್ದು ಸ್ವಂತ ಮಗಳನ್ನಲ್ಲ. ವಂಶದ ಯಾವುದೋ ಹುಡುಗಿಗೆ ರಾಜಕುಮಾರಿಯ ಪಟ್ಟ ಕಟ್ಟಿ ಕಳಿಸುತ್ತಿದ್ದರು. ಕ್ರಿ.ಪೂ. 33ರಲ್ಲಿ ಹೋದ ವಾಂಗ್ ಝಾವೊಜುನ್ ಅಂತಃಪುರದ ಒಬ್ಬ ಸಾಮಾನ್ಯ ಹೆಣ್ಣು. ಗಂಡ ತೀರಿಕೊಂಡ ಮೇಲೆ ಊರಿಗೆ ಬರುತ್ತೇನೆಂದು ಓಲೆ ಬರೆದಳಂತೆ. ಅಲ್ಲಿನ ಕಟ್ಟಳೆಯಂತೆಯೇ ನಡೆದುಕೋ ಎಂದು ಆಸ್ಥಾನದಿಂದ ಉತ್ತರ ಬಂತು. ಆ ಕಟ್ಟಳೆಯಂತೆ ಅವಳು ಸವತಿಯ ಮಗನ ಕೈ ಹಿಡಿಯಬೇಕಾಯಿತು.

ಸವತಿಯ ಮಗ ಎಂದ ಕೂಡಲೇ ನಿಮಗೆ ಕುಮಾರರಾಮನ ಕಥೆಯ ರತ್ನಾಜಿ ನೆನಪಾಗಿರಬೇಕು. ಕಂಪ್ಲಿಯ ಅರಸ ಕಂಪಿಲರಾಯ ತನ್ನ ಮಗ ಕುಮಾರರಾಮನಿಗೆ ನೋಡಿದ್ದ ಹೆಣ್ಣನ್ನು, ಚಿತ್ರಪಟ ಕಂಡು ಮನಸೋತು, ತಾನೇ ಮದುವೆಯಾದ ಎಂದು ಕಥೆಯ ಕೆಲವು ಪಾಠಗಳು ಹೇಳುತ್ತವೆ. ಮುಂದಿನದು ಈ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ಚೆಂಡಾಟದಲ್ಲಿ ಚೆಂಡು ಅವಳ ಅರಮನೆಗೆ ಬಿತ್ತು, ತರಲು ಹೋದ ರಾಮನನ್ನು ಅವಳು ಬಯಸಿದಳು, ಅವನು ತಾಯಿ ಎಂದು ಕೈಮುಗಿದ, ಅವಳು ದೂರು ಹೇಳಿದಳು, ರಾಯ ಮಗನ ತಲೆ ಕೇಳಿದ, ಮಂತ್ರಿ ಬೈಚಪ್ಪ ಅವನನ್ನು ನೆಲಮನೆಯಲ್ಲಿ ಬಚ್ಚಿಟ್ಟ. ನಂಜುಂಡಕವಿಯ ಸಾಂಗತ್ಯದಿಂದ ಹಿಡಿದು ಬಯಲಾಟದವರೆಗೆ ರತ್ನಾಜಿ ಕೆಟ್ಟವಳು. ಪರನಾರಿಯನ್ನು ಸೋದರಿಯಂತೆ ಕಂಡ ರಾಮನ ಹಿರಿಮೆ ಎದ್ದು ಕಾಣಬೇಕಾದರೆ ಎದುರಿಗೆ ಅವಳು ಹಾಗಿರಲೇಬೇಕಿತ್ತು. ರಾಮನ ಹಿರಿಮೆಯನ್ನು ನಾನೂ ಒಪ್ಪುತ್ತೇನೆ. ಆದರೆ ಮಗನಿಗೆಂದು ಹೊರಟ ದಿಬ್ಬಣವನ್ನು ಅಪ್ಪನ ಮನೆಗೆ ತಿರುಗಿಸಿದವನು ಕಂಪಿಲರಾಯ. ಆ ತಪ್ಪಿಗೆ ಕಥೆಯಲ್ಲಿ ಯಾವ ಶಿಕ್ಷೆಯೂ ಇಲ್ಲ. ಷಿಯೊಂಗ್ನು ಬಯಲಿನಲ್ಲಿ ಕಟ್ಟಳೆಯಾಗಿದ್ದದ್ದು ಕಂಪ್ಲಿಯಲ್ಲಿ ಮಹಾಪಾಪ. ಎರಡು ಕಡೆಯೂ ಹೆಣ್ಣಿನ ಮನಸ್ಸು ಕೇಳಿದವರಿಲ್ಲ.

ಕಾವ್ಯ ಬಿಟ್ಟು ಇತಿಹಾಸಕ್ಕೆ ಬಂದರೆ ಕಂಪಿಲರಾಯ ನಿಜಕ್ಕೂ ದೊಡ್ಡ ಮನುಷ್ಯ. ದೆಹಲಿಯ ಮುಹಮ್ಮದ್ ಬಿನ್ ತುಘಲಕ್‌ನ ವಿರುದ್ಧ ಬಂಡೆದ್ದ ಬಹಾವುದ್ದೀನ್ ಗುರ್ಷಾಸ್ಪ್ ಬಂದು ಆಸರೆ ಬೇಡಿದಾಗ ಕೊಟ್ಟ, ಕೊಟ್ಟ ಮಾತಿಗೆ ರಾಜ್ಯವನ್ನೇ ತೆತ್ತ. 1327ರಲ್ಲಿ ಕಂಪ್ಲಿ ಬಿತ್ತು. ಸೋಲು ಖಚಿತವಾದಾಗ ಅರಮನೆಯ ಹೆಂಗಸರು ಬೆಂಕಿಗೆ ಬಿದ್ದರೆಂದು ಇಬ್ನ್ ಬತೂತ ಬರೆದಿದ್ದಾನೆ. ರಾಯನ ಮಕ್ಕಳು ಸೆರೆಯಾಗಿ ದೆಹಲಿಗೆ ಹೋದರು, ಮತಾಂತರಗೊಂಡು ಸುಲ್ತಾನನ ಅಮೀರರಾದರು. ಅವರಲ್ಲಿ ಮೂವರನ್ನು ಬತೂತ ತಾನೇ ಅಲ್ಲಿ ಕಂಡು ಪರಿಚಯ ಮಾಡಿಕೊಂಡಿದ್ದ. ಪಕ್ಷ ಬದಲಾದ ಗಂಡುಮಕ್ಕಳಿಗೆ ಹುದ್ದೆಯಿತ್ತು. ಹೆಣ್ಣುಮಕ್ಕಳಿಗಿದ್ದದ್ದು ಬೆಂಕಿ.

ಕೃಷ್ಣದೇವರಾಯನ ಕಾಲದಲ್ಲೂ ಇದೇ. ಒಡಿಶಾದ ಪ್ರತಾಪರುದ್ರ ಗಜಪತಿ ಸೋತು ಮಗಳನ್ನು ಕೊಟ್ಟ. ಒಂದೊಂದು ಮೂಲದಲ್ಲಿ ಅವಳಿಗೆ ಒಂದೊಂದು ಹೆಸರು: ಜಗನ್ಮೋಹಿನಿ, ತುಕ್ಕಾ, ಭದ್ರಾ. ಗಂಡ ದೂರವಿಟ್ಟ, ಅವಳು ಈಗಿನ ಆಂಧ್ರದ ಕಂಬಂ ಊರಿನಲ್ಲಿ ಒಂಟಿಯಾಗಿ ಬಾಳಿದಳೆಂಬುದು ಐತಿಹ್ಯ. ಅವಳ ನೋವಿನದೆನ್ನುವ ಐದು ಸಂಸ್ಕೃತ ಪದ್ಯಗಳಿವೆ. ತಿರುಮಲೆಯ ಗುಡಿಯಲ್ಲಿ ಕೈಮುಗಿದು ನಿಂತ ರಾಯನ ಪಕ್ಕದ ಲೋಹದ ಪ್ರತಿಮೆಗಳು ತಿರುಮಲದೇವಿ, ಚಿನ್ನಾದೇವಿಯರವು. ಗಜಪತಿಯ ಮಗಳು ಅಲ್ಲಿಲ್ಲ.

ಅವಳ ಸೋದರ ವೀರಭದ್ರನೂ 1515ರಲ್ಲಿ ಕೊಂಡವೀಡಿನಲ್ಲಿ ಸೆರೆಸಿಕ್ಕವನೇ. ಅವನಿಗೆ ರಾಯ ಮಲೆಬೆನ್ನೂರು ಸೀಮೆಯ ಆಡಳಿತ ಕೊಟ್ಟ. 1516ರ ಶಾಸನವೊಂದರಲ್ಲಿ ವೀರಭದ್ರ ಆ ಸೀಮೆಯ ಜನರಿಗೆ ಮದುವೆಯ ತೆರಿಗೆ ಮನ್ನಾ ಮಾಡಿದ್ದಾನೆ. ಆ ಪುಣ್ಯವನ್ನು ತನ್ನ ತಂದೆ ಪ್ರತಾಪರುದ್ರ ಗಜಪತಿಗೂ ಕೃಷ್ಣರಾಯನಿಗೂ ಸಲ್ಲಿಸಿದ್ದಾನೆ. ಹೆತ್ತ ತಂದೆ, ಸೆರೆ ಹಿಡಿದ ಅರಸ, ಇಬ್ಬರಿಗೂ ಒಂದೇ ಕಲ್ಲಿನ ಮೇಲೆ. ಎರಡು ಕಡೆಗೂ ಸೇರಿದವನಾಗಿ ಬಾಳುವುದು ಸಾಧ್ಯವಿತ್ತು, ಅದನ್ನು ಬಹಿರಂಗವಾಗಿ ಕೆತ್ತಿಸುವುದೂ ಸಾಧ್ಯವಿತ್ತು. ಅವನ ಅಕ್ಕತಂಗಿಯರಿಗೆ ಆ ಅವಕಾಶವಿರಲಿಲ್ಲ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಎಂಬ ಗಾದೆ ನಮ್ಮದೇ ತಾನೆ?

ಹಾಗಾಗಿ ನಿಮ್ಮ ಎರಡನೆಯ ಪ್ರಶ್ನೆಗೆ, ಅವಳು ಯಾರ ಕಡೆ ನಿಂತಳು ಎಂಬುದಕ್ಕೆ, ದಾಖಲೆಗಳಿಂದ ಉತ್ತರ ಸಿಗುವುದಿಲ್ಲ. ಚೀನಾದ ಕಥೆಗಾರರು ಆ ಖಾಲಿ ಜಾಗದಲ್ಲಿ ಕೂತು ಕಥೆ ಕಟ್ಟುತ್ತಾರೆ. ನಮ್ಮಲ್ಲಿ ಅಂಥ ಜಾಗ ತುಂಬಿದವರು ಆಟದವರು, ಹಾಡುವವರು. ನಿಮ್ಮಿಂದ ಒಂದು ಉಪಕಾರವಾಗಬೇಕು. ಕುರುಗೋಡು, ಕಂಪ್ಲಿ, ಸಿರುಗುಪ್ಪದ ಹಳ್ಳಿಗಳಲ್ಲಿ ಕುಮಾರರಾಮನ ಕಥೆ ಬಲ್ಲ ಹಿರಿಯರು ಸಿಕ್ಕರೆ, ಚೆಂಡಾಟದ ಹೊತ್ತಿಗೆ ರತ್ನಾಜಿಯ ಪಾಲಿಗೆ ಯಾವ ಮಾತು ಬರುತ್ತದೆ, ನಿನಗೆಂದು ನನ್ನನ್ನು ನೋಡಿದ್ದರು ಎಂದು ಅವಳು ರಾಮನಿಗೆ ಹೇಳುವ ಪಾಠ ಯಾರ ಬಾಯಲ್ಲಾದರೂ ಇದೆಯೆ ಎಂದು ಕೇಳಿ ಬರೆದು ಕಳಿಸಿ.